ರಿಯಾಲ್ ಕೈಗೆ ಬರುವಾಗ ರಸೀದಿಯೂ ಬರಲಿ

ಹಜ್ಜೋ ಉಮ್ರಾವೋ, ಹೊರಡುವ ಮನೆಯಲ್ಲಿ ಕೊನೆಯ ಹದಿನೈದು ದಿನದ ಗಡಿಬಿಡಿ ಎಲ್ಲರಿಗೂ ಗೊತ್ತಿರುವುದೇ. ಇಹ್ರಾಮಿನ ಬಟ್ಟೆ, ಬಿಪಿ-ಶುಗರ್ ಮಾತ್ರೆ, ದುಆ ಪುಸ್ತಕ, ಉಪ್ಪಿನಕಾಯಿ ಬಾಟಲಿ ಎಲ್ಲ ಒಂದೊಂದಾಗಿ ಬ್ಯಾಗಿಗೆ ಸೇರುತ್ತವೆ. ನೆಂಟರಿಷ್ಟರ ಮನೆಗೆ ಹೋಗಿ ಮಾಫಿ ಕೇಳಿ ಬರುವುದೂ ಆಗುತ್ತದೆ. ರಿಯಾಲ್ ಮಾತು ಮಾತ್ರ ಕೊನೆಯ ದಿನಕ್ಕೆ ಉಳಿಯುತ್ತದೆ. "ಏರ್‌ಪೋರ್ಟಲ್ಲಿ ಸಿಗುತ್ತೆ ಬಿಡಿ" ಅಂತ ಒಬ್ಬರು. "ಗ್ರೂಪಿನವರೇ ಕೊಡ್ತಾರೆ, ಊರಿಗೆ ಬಂದ ಮೇಲೆ ಲೆಕ್ಕ ಮಾಡಿದ್ರಾಯ್ತು" ಅಂತ ಇನ್ನೊಬ್ಬರು. "ನಮ್ಮ ಪರಿಚಯದವರ ಹತ್ರ ಇದೆ, ಬ್ಯಾಂಕಿಗಿಂತ ಕಡಿಮೆಗೆ" ಅಂತ ಮತ್ತೊಬ್ಬರು.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದಲ್ಲಿ ಹೋಟೆಲ್, ಬೇಕರಿ, ಅಂಗಡಿ ಇಟ್ಟುಕೊಂಡಿರುವ ನಮ್ಮ ಬ್ಯಾರಿ ಮನೆಗಳಿಗೆ ಈ ಮಾತುಗಳು ಇನ್ನೂ ಬೇಗ ರುಚಿಸುತ್ತವೆ. ಮಂಗಳೂರಲ್ಲಾದರೆ ಪೇಟೆಗೆ ಇಳಿದರೆ ವಿದೇಶಿ ಹಣ ಬದಲಾಯಿಸುವ ಅಂಗಡಿ ಕಾಣುತ್ತದೆ, ಮನೆಯಲ್ಲಿ ಗಲ್ಫ್ ನೋಡಿದವರು ಒಬ್ಬರಾದರೂ ಇರುತ್ತಾರೆ. ಇಲ್ಲಿ ತಾಲೂಕು ಕೇಂದ್ರದ ಬ್ಯಾಂಕ್ ಶಾಖೆಗೆ ಹೋಗಿ ರಿಯಾಲ್ ಕೇಳಿದರೆ ಡ್ರಾಯರ್ ತೆಗೆದು ಎಣಿಸಿ ಕೊಡುವುದಿಲ್ಲ. ತುಮಕೂರಿಗೋ ಬೆಂಗಳೂರಿಗೋ ಹೋಗಬೇಕು. ಪಾವಗಡದವರಿಗೆ ಅದು ಒಂದು ದಿನದ ಕೆಲಸ. ಹೀಗಾಗಿ ಯಾರಾದರೂ ಮನೆಬಾಗಿಲಿಗೆ ತಂದುಕೊಡ್ತೀನಿ ಅಂದರೆ ಸಾಕು, ಹತ್ತು ವರ್ಷ ಕೂಡಿಟ್ಟ ಹಣ ರಸೀದಿಯಿಲ್ಲದೆ ಕೈ ದಾಟಿಬಿಡುತ್ತದೆ. ಆಮೇಲೆ ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

2,100 ರಿಯಾಲ್ ನಿಂತ ಮೇಲೆ

ಹಿಂದೆ ಹಜ್ ಸಮಿತಿಯ ಮೂಲಕ ಹೋಗುವವರಿಗೆ ಈ ತಲೆನೋವು ಕಡಿಮೆ ಇತ್ತು. ಕಟ್ಟಿದ ಹಣದಲ್ಲೇ ಸೇರಿಸಿಕೊಂಡು, ಹೊರಡುವ ಸ್ಥಳದಲ್ಲೇ ಪ್ರತಿಯೊಬ್ಬರ ಕೈಗೆ 2,100 ರಿಯಾಲ್ ಕೊಡುತ್ತಿದ್ದರು. ಓದು ಬರಹ ಬಾರದ ಅಜ್ಜಿಗೂ ಅಷ್ಟೇ, ವ್ಯಾಪಾರಿಗೂ ಅಷ್ಟೇ. 2023ರ ಹಜ್‌ನಿಂದ ಈ ಕಡ್ಡಾಯ ವ್ಯವಸ್ಥೆ ನಿಂತಿತು. ಎಷ್ಟು ಬೇಕೋ ಅಷ್ಟನ್ನು ಯಾತ್ರಿಕರೇ ಹೊಂದಿಸಿಕೊಳ್ಳಬೇಕು ಅಂತಾಯಿತು. ಸ್ಟೇಟ್ ಬ್ಯಾಂಕ್ ಮೂಲಕ ನೋಟು ಮತ್ತು ಫಾರೆಕ್ಸ್ ಕಾರ್ಡ್ ಪಡೆಯುವ ಅನುಕೂಲವನ್ನೂ ಆಗ ಮಾಡಿದರು. ಕಡಿಮೆ ಖರ್ಚು ಮಾಡುವವರಿಗೆ ಇದು ಒಳ್ಳೆಯದೇ. ಆದರೆ ಸಮಿತಿ ಹೊರುತ್ತಿದ್ದ ಜವಾಬ್ದಾರಿ ಈಗ ಮನೆಯ ಮಗ, ಅಳಿಯನ ಹೆಗಲ ಮೇಲಿದೆ. ಖಾಸಗಿ ಏಜೆನ್ಸಿಯಲ್ಲಿ ಉಮ್ರಾಕ್ಕೆ ಹೋಗುವವರಿಗೆ ಮೊದಲಿನಿಂದಲೂ ಹೀಗೆಯೇ.

ಅಜ್ಜಂದಿರ ಕಾಲದ ಹಜ್ ನೋಟು

ಯಾತ್ರಿಕರ ಹಣಕ್ಕೆ ಲೆಕ್ಕ, ಗುರುತು ಇರಬೇಕು ಅನ್ನುವುದು ಇವತ್ತಿನ ಮಾತಲ್ಲ. ಮುಂಬೈಯಿಂದ ಜಿದ್ದಾಕ್ಕೆ ಹಡಗಿನಲ್ಲಿ ಹೋಗುತ್ತಿದ್ದ ಕಾಲದಲ್ಲಿ, 1959ರಲ್ಲಿ, ನಮ್ಮ ರಿಸರ್ವ್ ಬ್ಯಾಂಕ್ ಹಜ್ ಯಾತ್ರಿಕರಿಗೆಂದೇ 10 ಮತ್ತು 100 ರೂಪಾಯಿಯ ಬೇರೆ ನೋಟು ಅಚ್ಚು ಮಾಡಿಸಿತು. ಬಣ್ಣ ಬೇರೆ, ನಂಬರಿನ ಮುಂದೆ ಎಚ್‌ಎ ಅನ್ನುವ ಅಕ್ಷರ. ಊರಿನ ಅಂಗಡಿಯಲ್ಲಿ ಅದು ನಡೆಯುತ್ತಿರಲಿಲ್ಲ, ಸೌದಿಯಲ್ಲಿ ಬದಲಾಯಿಸಿಕೊಳ್ಳಲು ಮಾತ್ರ. ಅದೇ ವರ್ಷ ಕುವೈತ್, ಬಹ್ರೈನ್, ಕತಾರ್, ದುಬೈ ಕಡೆಗೆ 'ಗಲ್ಫ್ ರೂಪಾಯಿ' ಅಂತಲೂ ಬೇರೆ ನೋಟು ಬಂತು. ಅಲ್ಲಿಯವರೆಗೆ ಆ ದೇಶಗಳಲ್ಲಿ ನಮ್ಮ ರೂಪಾಯಿಯೇ ನಡೆಯುತ್ತಿತ್ತು. ಕಳ್ಳದಾರಿಯ ಚಿನ್ನಕ್ಕೆ ಬೆಲೆಯಾಗಿ ಇಲ್ಲಿಂದ ರೂಪಾಯಿ ನೋಟು ಗಲ್ಫಿಗೆ ಹೋಗಿ, ಅಲ್ಲಿಂದ ಅದೇ ನೋಟು ವಿದೇಶಿ ಹಣ ಕೇಳಿಕೊಂಡು ರಿಸರ್ವ್ ಬ್ಯಾಂಕಿಗೆ ಬರುತ್ತಿತ್ತು. ಅದನ್ನು ತಡೆಯಲು ಬೇರೆ ನೋಟು ಬೇಕಾಯಿತು. 1961ರಲ್ಲಿ ಕುವೈತ್ ತನ್ನದೇ ದಿನಾರ್ ತಂದಿತು, 1965ರಲ್ಲಿ ಬಹ್ರೈನ್ ತಂದಿತು. 1966ರ ಜೂನ್ 6ರಂದು ಭಾರತ ರೂಪಾಯಿಯ ಬೆಲೆ ಇಳಿಸಿ, ಡಾಲರಿಗೆ 4.76 ಇದ್ದದ್ದು 7.50 ಆದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಕೈಬಿಟ್ಟರು.

ಸೌದಿಯ ಕಡೆಯಲ್ಲೂ ಕಾಗದದ ಹಣ ಶುರುವಾದದ್ದು ಹಾಜಿಗಳಿಂದಲೇ. ಬೆಳ್ಳಿಯ ರಿಯಾಲ್ ಹೊತ್ತುಕೊಂಡು ತಿರುಗುವುದು ಕಷ್ಟ ಅಂತ 1953ರಲ್ಲಿ ಅಲ್ಲಿನ ಹಣಕಾಸು ಸಂಸ್ಥೆ 'ಹಜ್ ಯಾತ್ರಿಕರ ರಸೀದಿ' ಅಂತ 10 ರಿಯಾಲಿನ ಕಾಗದ ಹೊರಡಿಸಿತು. ಜನ ಅದನ್ನೇ ನೋಟಾಗಿ ಬಳಸತೊಡಗಿದರು. ಹಾಜಿಯ ಮಟ್ಟಿಗೆ ಅಲ್ಲಿನ ಮೊದಲ ನೋಟೇ ಒಂದು ರಸೀದಿ ಆಗಿತ್ತು ಅನ್ನುವುದು ನೆನಪಿಟ್ಟುಕೊಳ್ಳುವಂತಹ ವಿಷಯ.

ಎಲ್ಲಿ ಕೊಳ್ಳಬೇಕು

ವಿದೇಶಿ ಹಣ ಮಾರಲು ರಿಸರ್ವ್ ಬ್ಯಾಂಕಿನ ಪರವಾನಗಿ ಬೇಕು. ಬ್ಯಾಂಕುಗಳಿಗೆ ಇದೆ, ಪರವಾನಗಿ ಪಡೆದ ಮನಿ ಚೇಂಜರ್‌ಗಳಿಗೆ ಇದೆ. ಪರವಾನಗಿ ಇಲ್ಲದವರ ಹತ್ತಿರ ಕೊಂಡರೆ ಮಾರಿದವನಿಗೆ ಮಾತ್ರ ತಪ್ಪು ಅಂತಲ್ಲ. 1999ರ ವಿದೇಶಿ ವಿನಿಮಯ ಕಾಯ್ದೆ, ಅಂದರೆ ಫೆಮಾ, ಕೊಂಡವನನ್ನೂ ಕೇಳುತ್ತದೆ. ದಂಡ ಆ ಹಣದ ಮೂರು ಪಟ್ಟಿನವರೆಗೆ ಹೋಗಬಹುದು. ಇನ್ನು ಖೋಟಾ ನೋಟು ಸಿಕ್ಕಿದರೆ ಯಾರನ್ನು ಹಿಡಿಯುವುದು? ಮದೀನಾದ ಅಂಗಡಿಯವನು ನೋಟನ್ನು ಬೆಳಕಿಗೆ ಹಿಡಿದು ವಾಪಸ್ ಕೊಟ್ಟಾಗ, ಸಿರಾದ ಬಸ್‌ಸ್ಟ್ಯಾಂಡಿನಲ್ಲಿ ಕೊಟ್ಟವನ ಫೋನ್ ಸ್ವಿಚ್ ಆಫ್ ಆಗಿರುತ್ತದೆ.

ಆದ್ದರಿಂದ ಹೊರಡುವುದಕ್ಕೆ ಎಂಟು-ಹತ್ತು ದಿನ ಮುಂಚೆಯೇ ನಿಮ್ಮ ಖಾತೆ ಇರುವ ಶಾಖೆಗೆ ಹೋಗಿ ಕೇಳಿ. ಅಲ್ಲಿ ನೋಟು ಇಲ್ಲದಿದ್ದರೂ ಅರ್ಜಿ ತೆಗೆದುಕೊಂಡು ವಿದೇಶಿ ವಿನಿಮಯ ನೋಡುವ ದೊಡ್ಡ ಶಾಖೆಯಿಂದ ತರಿಸಿಕೊಡುವ ಬ್ಯಾಂಕುಗಳಿವೆ. ಇಲ್ಲವಾದರೆ ತುಮಕೂರು ಅಥವಾ ಬೆಂಗಳೂರಿನ ಪರವಾನಗಿ ಇರುವ ಅಂಗಡಿ. ಪಾಸ್‌ಪೋರ್ಟ್, ವೀಸಾ, ಟಿಕೆಟ್, ಪ್ಯಾನ್ ಕಾರ್ಡ್ ಜೊತೆಗಿರಲಿ. ಕಾಗದ ಏನೂ ಕೇಳದೆ ಕೊಡ್ತೀನಿ ಅನ್ನುವವನ ಮೇಲೇ ಅನುಮಾನ ಪಡಬೇಕು. ಕೊಳ್ಳುವ ರಿಯಾಲಿನ ಬೆಲೆ 50,000 ರೂಪಾಯಿಗಿಂತ ಕಡಿಮೆ ಇದ್ದರೆ ರೂಪಾಯಿ ನಗದು ಕೊಡಬಹುದು. ಅದಕ್ಕಿಂತ ಹೆಚ್ಚಾದರೆ ಪೂರ್ತಿ ಹಣ ಚೆಕ್, ಕಾರ್ಡ್ ಹೀಗೆ ಬ್ಯಾಂಕಿನ ದಾರಿಯಲ್ಲೇ ಹೋಗಬೇಕು.

ದರ ತಿಳಿಯುವ ಸುಲಭ ಲೆಕ್ಕ

"ಇವತ್ತು ರಿಯಾಲ್ ರೇಟ್ ಎಷ್ಟು?" ಅಂತ ನಮ್ಮ ಹತ್ತಿರವೂ ಬಂದು ಕೇಳ್ತಾರೆ. ಇದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. 1986ರಿಂದ ಒಂದು ಡಾಲರಿಗೆ 3.75 ರಿಯಾಲ್ ಅಂತ ಸೌದಿ ಕಟ್ಟಿಟ್ಟಿದೆ. ಪತ್ರಿಕೆಯಲ್ಲಿ ಬರುವ ಡಾಲರ್ ದರವನ್ನು 3.75ರಿಂದ ಭಾಗಿಸಿದರೆ ರಿಯಾಲಿನ ಬೆಲೆ ಸಿಗುತ್ತದೆ. ಡಾಲರ್ 90 ರೂಪಾಯಿ ಅಂತ ಹಿಡಿದರೆ ರಿಯಾಲ್ 24 ರೂಪಾಯಿ. ದುಬೈಗೆ ಹೋಗುವವರು 3.6725ರಿಂದ ಭಾಗಿಸಿದರೆ ದಿರ್ಹಮ್ ಲೆಕ್ಕ ಸಿಗುತ್ತದೆ.

ಇದು ಮಧ್ಯದ ಬೆಲೆ. ಅಂಗಡಿಯವರು ಮಾರುವಾಗ ಇದಕ್ಕಿಂತ ಹೆಚ್ಚು, ನಮ್ಮಿಂದ ಕೊಳ್ಳುವಾಗ ಇದಕ್ಕಿಂತ ಕಡಿಮೆ ಹೇಳ್ತಾರೆ. ಆ ವ್ಯತ್ಯಾಸವೇ ಅವರ ಲಾಭ. "ಕಮಿಷನ್ ಇಲ್ಲ" ಅಂತ ಬೋರ್ಡ್ ಹಾಕಿದವರ ಲಾಭವೂ ದರದೊಳಗೇ ಕೂತಿರುತ್ತದೆ. ಒಂದು ಕಡೆ 24.50, ಇನ್ನೊಂದು ಕಡೆ 25.60 ಅಂದರೆ ಕೇಳಲು ಒಂದು ರೂಪಾಯಿ ಹತ್ತು ಪೈಸೆ ಅಷ್ಟೇ. 2,000 ರಿಯಾಲಿಗೆ 49,000 ಮತ್ತು 51,200 ಆಯಿತು. 2,200 ರೂಪಾಯಿ ವ್ಯತ್ಯಾಸ! ಏರ್‌ಪೋರ್ಟ್ ಕೌಂಟರಿನಲ್ಲಿ ಸಾಮಾನ್ಯವಾಗಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಬ್ಯಾಗ್ ತೂಕ ಮಾಡಿಸುವ ಗಡಿಬಿಡಿಯಲ್ಲಿ ಅಲ್ಲಿ ಯಾರೂ ಚೌಕಾಸಿ ಮಾಡುವುದಿಲ್ಲ.

ದರದ ಮೇಲೆ ಜಿಎಸ್‌ಟಿ ಇದೆ, ಆದರೆ ಪೂರ್ತಿ ಹಣದ ಮೇಲೆ ಅಲ್ಲ. ಒಂದು ಲಕ್ಷದವರೆಗೆ ಒಟ್ಟು ಹಣದ ಶೇ. 1 ಭಾಗವನ್ನು (ಕನಿಷ್ಠ 250 ರೂಪಾಯಿ) ಸೇವೆಯ ಬೆಲೆ ಅಂತ ಹಿಡಿದು ಅದರ ಮೇಲೆ ಶೇ. 18. 49,000 ರೂಪಾಯಿಗೆ ಇದು 88 ರೂಪಾಯಿ 20 ಪೈಸೆ. ಯಾರಾದರೂ ಜಿಎಸ್‌ಟಿ ಹೆಸರಲ್ಲಿ ಸಾವಿರಗಟ್ಟಲೆ ಕೇಳಿದರೆ ರಸೀದಿಯಲ್ಲಿ ಬರೆದುಕೊಡಿ ಅನ್ನಿ, ಆಗ ಗೊತ್ತಾಗುತ್ತದೆ. ಖಾಸಗಿ ಉಮ್ರಾ ಪ್ಯಾಕೇಜಿಗೆ ಹಣ ಕಟ್ಟುವಾಗ ಏಜೆನ್ಸಿಯವರು ಟಿಸಿಎಸ್ ಅಂತ ಸೇರಿಸ್ತಾರಲ್ಲ, ಅದು ಬೇರೆ. ಅದು ಆದಾಯ ತೆರಿಗೆ ಲೆಕ್ಕಕ್ಕೆ ಮುಂಗಡವಾಗಿ ಹೋಗುವ ಹಣ. ತೆರಿಗೆ ಬಾಕಿ ಇಲ್ಲದವರು ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಅದಕ್ಕೆ ಯಾತ್ರಿಕರ ಸ್ವಂತ ಪ್ಯಾನ್ ನಂಬರೇ ಕೊಟ್ಟಿರಬೇಕು.

"ಊರಿಗೆ ಬಂದ ಮೇಲೆ ಕೊಡಿ"

ಇದು ನಾವು ಮುಖ್ಯವಾಗಿ ಹೇಳಬೇಕಾದ ಮಾತು. ಹಣಕ್ಕೆ ಹಣ ಬದಲಾಯಿಸುವುದನ್ನು ಫಿಕ್ಹ್‌ನಲ್ಲಿ ಸರ್ಫ್ ಅಂತಾರೆ. ರೂಪಾಯಿ ಬೇರೆ, ರಿಯಾಲ್ ಬೇರೆ. ಹಾಗಾಗಿ ಇಬ್ಬರೂ ಒಪ್ಪಿದ ಯಾವ ದರಕ್ಕೂ ಬದಲಾಯಿಸಬಹುದು. ಆದರೆ ಕೈಯಿಂದ ಕೈಗೆ ಆಗಬೇಕು, ಅದೇ ಕೂಟದಲ್ಲಿ ಮುಗಿಯಬೇಕು. ಒಂದು ಕಡೆಯದು ಇವತ್ತು, ಇನ್ನೊಂದು ಕಡೆಯದು ತಿಂಗಳ ನಂತರ ಅಂದರೆ ಅದು ಬಡ್ಡಿಯ ಬಾಗಿಲು. ಚಿನ್ನ-ಬೆಳ್ಳಿಗೆ ಹೇಳಿದ ಈ ನಿಯಮ ಕಾಗದದ ನೋಟಿಗೂ ಅನ್ವಯ ಅಂತ 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಫಿಕ್ಹ್ ಅಕಾಡೆಮಿ ತೀರ್ಮಾನಿಸಿದೆ. ಮದ್‌ಹಬ್‌ಗಳ ನಡುವೆ ಸೂಕ್ಷ್ಮ ವಿವರದಲ್ಲಿ ವ್ಯತ್ಯಾಸ ಇದೆ. ನಿಮ್ಮ ಖತೀಬರ ಹತ್ತಿರ ಕೂತು ಕೇಳಿಕೊಳ್ಳಿ.

ಈಗ ನಡೆಯುವುದು ನೋಡಿ. ಮದೀನಾದಲ್ಲಿ ಹಣ ಮುಗಿಯುತ್ತದೆ. ಗ್ರೂಪಿನ ಒಬ್ಬರು 500 ರಿಯಾಲ್ ಕೊಟ್ಟು, "ಊರಿಗೆ ಹೋದ ಮೇಲೆ 13,000 ರೂಪಾಯಿ ಕೊಟ್ಟುಬಿಡಿ" ಅಂತಾರೆ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ. ಆದರೆ ಇದು ತಡವಾಗಿ ಮುಗಿಸುವ ವಿನಿಮಯ ಆಯಿತು. ಊರಿಗೆ ಬಂದು ಮಗ ದರ ನೋಡಿ "ಇಷ್ಟು ಯಾಕೆ?" ಅಂದ ಅಂದರೆ ಜೊತೆಗೆ ತವಾಫ್ ಮಾಡಿದವರ ನಡುವೆ ಮಾತು ನಿಲ್ಲುತ್ತದೆ. ಹದಿಮೂರು ಸಾವಿರಕ್ಕಾಗಿ ಮಸೀದಿಯಲ್ಲಿ ಒಬ್ಬರಿಗೊಬ್ಬರು ಮುಖ ತಿರುಗಿಸುವ ಸ್ಥಿತಿ ಯಾಕೆ ಬರಬೇಕು?

ಸರಿಯಾದ ದಾರಿ ಸುಲಭ ಇದೆ. 500 ರಿಯಾಲನ್ನು ಸಾಲವಾಗಿ ಪಡೆಯಿರಿ. ಬಾಕಿ 500 ರಿಯಾಲ್, ರೂಪಾಯಿ ಮಾತು ಬೇಡ. ಊರಿಗೆ ಬಂದ ಮೇಲೆ ರಿಯಾಲನ್ನೇ ಕೊಟ್ಟರಾಯಿತು. ಇಬ್ಬರೂ ಒಪ್ಪಿ ರೂಪಾಯಿಯಲ್ಲಿ ತೀರಿಸುವುದಾದರೆ ತೀರಿಸುವ ದಿನದ ದರ ನೋಡಿ, ಆಗಲೇ ಪೂರ್ತಿ ಕೊಟ್ಟು ಮುಗಿಸಿ. ಮತ್ತೆ ಬರೆದಿಡಿ. ಕುರ್‌ಆನಿನ ಅತಿ ಉದ್ದದ ಆಯತ್, ಸೂರಃ ಅಲ್ ಬಕರದ 282ನೆಯದು, ಸಾಲವನ್ನು ಬರೆದಿಡುವ ಬಗ್ಗೆಯೇ ಇದೆ. ಮದ್ರಸದ ಮಕ್ಕಳಿಗೆ ನಾವು ಇದನ್ನು ಹೇಳಿಕೊಡ್ತೇವೆ. ದೊಡ್ಡವರು ಮಾತ್ರ "ನಮ್ಮ ನಮ್ಮಲ್ಲಿ ಬರೆಯೋದೇನು" ಅಂತಾರೆ. ನಂಬಿಕೆ ಉಳಿಯಲಿ ಅಂತಲೇ ಬರೆಯುವುದು.

ನೋಟು ಎಷ್ಟು, ಕಾರ್ಡ್ ಎಷ್ಟು

ಸಾಮಾನ್ಯವಾಗಿ ವಿದೇಶಕ್ಕೆ ಹೋಗುವವರು ಒಂದು ಪ್ರಯಾಣಕ್ಕೆ ನೋಟಿನ ರೂಪದಲ್ಲಿ 3,000 ಡಾಲರ್ ಬೆಲೆಯಷ್ಟು ವಿದೇಶಿ ಹಣ ಒಯ್ಯಬಹುದು. ರಿಯಾಲಿನಲ್ಲಿ 11,250. ಹಜ್, ಉಮ್ರಾ ಯಾತ್ರಿಕರಿಗೆ ಈ ಮಿತಿಯಿಂದ ವಿನಾಯಿತಿ ಇದೆ. ಇದೆ ಅಂತ ಎಲ್ಲವನ್ನೂ ನೋಟಿನಲ್ಲೇ ಒಯ್ಯಬೇಕಾಗಿಲ್ಲ. ದಿನದ ಚಹಾ, ಊಟ, ಟ್ಯಾಕ್ಸಿಗೆ ನೋಟು. ಉಳಿದದ್ದು ರಿಯಾಲ್ ತುಂಬಿಸಿದ ಫಾರೆಕ್ಸ್ ಕಾರ್ಡಿನಲ್ಲಿ. ಕಾರ್ಡ್ ಕಳೆದರೆ ಬ್ಯಾಂಕಿಗೆ ಫೋನ್ ಮಾಡಿ ನಿಲ್ಲಿಸಬಹುದು, ನೋಟು ಕಳೆದರೆ ಕಳೆದ ಹಾಗೇ.

ನೋಟು ಕೊಳ್ಳುವಾಗ 500ರ ನೋಟೇ ಕೊಡಿ ಅನ್ನಬೇಡಿ. 5, 10, 50 ಬೇಕು. 2020ರಲ್ಲಿ 20 ರಿಯಾಲ್, 2021ರಲ್ಲಿ 200 ರಿಯಾಲಿನ ನೋಟೂ ಬಂದಿದೆ. ಹೊಸದು ಅಂತ ಗಾಬರಿ ಬೇಡ, ಕೊಟ್ಟವರ ಮುಂದೆಯೇ ನೋಡಿ ಎಣಿಸಿಕೊಳ್ಳಿ.

ಇಲ್ಲಿನ ಎಟಿಎಂ ಕಾರ್ಡನ್ನೇ ನಂಬಿ ಹೊರಡುವವರು ಗಮನಿಸಿ. 2020ರಿಂದ ಹೊಸ ಕಾರ್ಡುಗಳಲ್ಲಿ ವಿದೇಶದ ಬಳಕೆ ಬಂದ್ ಆಗಿಯೇ ಬರುತ್ತದೆ. ಹೊರಡುವ ಮುಂಚೆ ಬ್ಯಾಂಕಿನ ಆ್ಯಪ್‌ನಲ್ಲಿ ಅಥವಾ ಶಾಖೆಯಲ್ಲಿ ಅದನ್ನು ಚಾಲು ಮಾಡಿಸಬೇಕು. ಒಟಿಪಿ ಬರುವುದು ಊರಿನ ಸಿಮ್‌ಗೆ. ಅಲ್ಲಿ ಇಳಿದು ಸೌದಿ ಸಿಮ್ ಹಾಕಿದರೆ ಒಟಿಪಿ ಎಲ್ಲಿಂದ ಬರಬೇಕು? ಊರಿನ ಸಿಮ್‌ಗೆ ರೋಮಿಂಗ್ ಹಾಕಿಸಿ ಎರಡನೇ ಸ್ಲಾಟಿನಲ್ಲಿ ಇರಲಿ. ಅಲ್ಲಿಯ ಮೆಷಿನ್ "ರೂಪಾಯಿಯಲ್ಲಿ ಕೊಡ್ತೀರಾ, ರಿಯಾಲಿನಲ್ಲಾ?" ಅಂತ ಕೇಳಿದರೆ ರಿಯಾಲ್ ಅನ್ನಿ. ರೂಪಾಯಿ ಒತ್ತಿದರೆ ಆ ಮೆಷಿನಿನವರು ತಮ್ಮ ದರ ಹಾಕ್ತಾರೆ, ಅದು ನಮಗೆ ನಷ್ಟ.

ನಮ್ಮ ರೂಪಾಯಿ ನೋಟು 25,000ದವರೆಗೆ ಜೊತೆಗಿರಬಹುದು. ವಾಪಸ್ ಬಂದಾಗ ಬೆಂಗಳೂರಿನಿಂದ ಊರಿಗೆ ಬರಲು ಅಷ್ಟು ಸಾಕು.

ಅಲ್ಲಿ ಇಳಿದ ಮೇಲೆ

ಇಹ್ರಾಮಿಗೆ ಜೇಬಿಲ್ಲ. ಹಣದ ಬೆಲ್ಟ್ ಕಟ್ಟಿಕೊಳ್ಳಬಹುದು ಅಂತ ಉಲಮಾ ಹೇಳಿದ್ದಾರೆ, ಸಂಕೋಚ ಬೇಡ. ಆದರೆ ಹರಮಿನ ಜನಸಂದಣಿಗೆ ಇಡೀ ಪ್ರಯಾಣದ ಹಣ ಕಟ್ಟಿಕೊಂಡು ಹೋಗಬಾರದು. ಆ ದಿನಕ್ಕೆ ಬೇಕಾದಷ್ಟು ಮಾತ್ರ. ಗಂಡ ಹೆಂಡತಿ ಹೋದರೆ ಹಣ ಇಬ್ಬರ ಹತ್ತಿರವೂ ಇರಲಿ. ಜನರ ನಡುವೆ ತಪ್ಪಿಸಿಕೊಂಡ ಉಮ್ಮನ ಕೈಯಲ್ಲಿ ಟ್ಯಾಕ್ಸಿಗೆ 50 ರಿಯಾಲ್, ಹೋಟೆಲ್ ಹೆಸರಿನ ಚೀಟಿ ಇದ್ದರೆ ಅರ್ಧ ಕಷ್ಟ ಪರಿಹಾರ.

"ಕುರ್ಬಾನಿ ನಾವೇ ಮಾಡಿಸ್ತೇವೆ, ಕಡಿಮೆಗೆ" ಅಂತ ರೂಮಿನ ಬಾಗಿಲಿಗೆ ಬರುವವರಿಗೆ ಹಣ ಕೊಡಬೇಡಿ. ಅದಕ್ಕೆ ಸರ್ಕಾರದ ಕಡೆಯಿಂದಲೇ ಅದಾಹಿ ಅನ್ನುವ ವ್ಯವಸ್ಥೆ ಇದೆ. ಅಲ್ಲಿಯೂ ರಸೀದಿ ಕೇಳಿ ಪಡೆಯಿರಿ.

ಬೇರೆಯವರ ಗಂಟು

ನಮ್ಮ ಜನ ಅಮಾನತ್ ಅಂದರೆ ಇಲ್ಲ ಅನ್ನುವುದಿಲ್ಲ. ಅದನ್ನೇ ಕೆಲವರು ದುರುಪಯೋಗ ಮಾಡಿಕೊಳ್ತಾರೆ. "ನೀವು ಹೇಗೂ ಹೋಗ್ತೀರಲ್ಲ, ಈ ಕವರ್ ನಮ್ಮ ಹುಡುಗನಿಗೆ ಕೊಡಿ" ಅಂತ ನೋಟಿನ ಕವರ್ ಕೈಗಿಡ್ತಾರೆ. ಏರ್‌ಪೋರ್ಟಿನಲ್ಲಿ ಬ್ಯಾಗ್ ಯಾರದ್ದೋ ಹಣವೂ ಅವರದ್ದೇ. ಕೇಳಿದಾಗ ರಸೀದಿ ತೋರಿಸಬೇಕಾದವರೂ ನೀವೇ. ಸೌದಿಗೆ ಹೋಗುವಾಗ, ಅಲ್ಲಿಂದ ಹೊರಡುವಾಗ 60,000 ರಿಯಾಲ್ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಹಣ, ಚಿನ್ನ ಇದ್ದರೆ ಘೋಷಿಸಬೇಕು. ನಾಲ್ಕು ಜನರ ಕವರ್ ಸೇರಿದರೆ ಮಿತಿ ದಾಟಿದ್ದು ಗೊತ್ತೇ ಆಗುವುದಿಲ್ಲ. ಬೇಡ ಅನ್ನಲು ನಾಚಿಕೆ ಬೇಡ. ಹಣ ಕಳಿಸಲು ಬ್ಯಾಂಕ್ ಇದೆ ಅಂತ ನಗುತ್ತಲೇ ಹೇಳಿ.

ವಾಪಸ್ ಬಂದ ಮೇಲೆ

ಭಾರತಕ್ಕೆ ಮರಳುವಾಗ ವಿದೇಶಿ ನೋಟು 5,000 ಡಾಲರ್ ಬೆಲೆಗಿಂತ ಹೆಚ್ಚಿದ್ದರೆ, ಅಥವಾ ನೋಟು ಮತ್ತು ಟ್ರಾವೆಲರ್ಸ್ ಚೆಕ್ ಎಲ್ಲ ಸೇರಿ 10,000 ಡಾಲರ್ ದಾಟಿದರೆ ಕಸ್ಟಮ್ಸ್‌ನಲ್ಲಿ ಘೋಷಣೆ ಕಡ್ಡಾಯ. ಖರ್ಚಾಗದೆ ಉಳಿದ ಹಣವನ್ನು 180 ದಿನದೊಳಗೆ ಬ್ಯಾಂಕಿಗೆ ಅಥವಾ ಪರವಾನಗಿ ಇರುವ ಅಂಗಡಿಗೆ ಮಾರಬೇಕು. 2,000 ಡಾಲರ್ ಬೆಲೆಯಷ್ಟು ನೋಟು ಮನೆಯಲ್ಲಿ ಇಟ್ಟುಕೊಳ್ಳಲು ಅವಕಾಶ ಇದೆ. ಮುಂದಿನ ವರ್ಷ ಮನೆಯಿಂದ ಇನ್ನೊಬ್ಬರು ಹೋಗುವವರಿದ್ದರೆ ಅದು ಅವರಿಗೆ ಆಗುತ್ತದೆ. ಮಾರಲು ಹೋದಾಗ ಕೊಂಡ ರಸೀದಿ ಕೇಳಿದರೆ ತೋರಿಸುವ ಹಾಗಿರಬೇಕು. ನಾಣ್ಯ ಮಾತ್ರ ಇಲ್ಲಿ ಸಾಮಾನ್ಯವಾಗಿ ಯಾರೂ ಕೊಳ್ಳುವುದಿಲ್ಲ. ಜಿದ್ದಾದಲ್ಲೇ ನೀರಿಗೋ ಚಹಾಕ್ಕೋ ಮುಗಿಸಿ ಬನ್ನಿ.

ಕೊನೆಗೆ ಒಂದು ಕೆಲಸ. ಹೊರಡುವವರ ಹೆಸರಿನಲ್ಲಿ ಒಂದು ಹಾಳೆ ತೆಗೆದುಕೊಳ್ಳಿ. ಎಷ್ಟು ರಿಯಾಲ್, ಯಾವ ದರಕ್ಕೆ, ಎಲ್ಲಿ ಕೊಂಡದ್ದು, ಕಾರ್ಡಿನಲ್ಲಿ ಎಷ್ಟು, ಕಾರ್ಡ್ ನಿಲ್ಲಿಸಲು ಯಾವ ನಂಬರಿಗೆ ಫೋನ್ ಮಾಡಬೇಕು, ಊರಿನಲ್ಲಿ ಯಾರಿಗೆ ಎಷ್ಟು ಬಾಕಿ, ಇಷ್ಟನ್ನು ಬರೆಯಿರಿ. ಪಿನ್ ನಂಬರ್ ಮಾತ್ರ ಬರೆಯಬೇಡಿ. ರಸೀದಿಯ ಜೆರಾಕ್ಸ್ ಅದಕ್ಕೆ ಪಿನ್ ಹೊಡೆದು ಒಂದು ಪ್ರತಿ ಯಾತ್ರಿಕರ ಬ್ಯಾಗಿನಲ್ಲಿ, ಇನ್ನೊಂದು ಮನೆಯ ಬೀರುವಿನಲ್ಲಿ ಇಡಿ. ಹೊರಡುವವರು ಹೋಗುವ ಮುಂಚೆ ಲೆಕ್ಕ ಚುಕ್ತಾ ಮಾಡಿ ಹೋಗಬೇಕು ಅಂತ ಹಿರಿಯರು ಹೇಳುತ್ತಿದ್ದರಲ್ಲ, ಆ ಲೆಕ್ಕದಲ್ಲಿ ರಿಯಾಲಿನದ್ದೂ ಸೇರುತ್ತದೆ.